ತಮಾಯೊ ಹೇಳಿದ ನಿಜ

ಜಪಾನಿನ ಈ ನಮ್ಮ ಇಚಿನೊಮಿಯ ಊರಿನಲ್ಲಿ ಬೆಳಗಿನ ತಿಂಡಿಯನ್ನು ಮನೆಯಲ್ಲೇ ಮಾಡಿಕೊಳ್ಳುವವನನ್ನು ಕಂಡರೆ ಜನ ಮೈಗೆ ಹುಷಾರಿಲ್ಲವೇನೋ ಎಂದುಕೊಳ್ಳುತ್ತಾರೆ. ಕಾಫಿ ಅಂಗಡಿಯಲ್ಲಿ ಒಂದು ಕಪ್ ಕಾಫಿ ಹೇಳಿದರೆ ದಪ್ಪನೆಯ ಟೋಸ್ಟೂ ಬೇಯಿಸಿದ ಮೊಟ್ಟೆಯೂ ಬಿಟ್ಟಿ ಬರುವಾಗ ಒಲೆ ಹಚ್ಚುವವನು ಯಾರು? ಹಿಂದೆ ಮಗ್ಗಗಳ ಗದ್ದಲದಲ್ಲಿ ಮಾತು ಕೇಳಿಸದೆ, ವ್ಯವಹಾರ ಮಾತಾಡಲು ನೇಯ್ಗೆಯವರು ಈ ಅಂಗಡಿಗಳಿಗೆ ಬಂದು ಕೂರುತ್ತಿದ್ದರು. ಈಗ ಮಗ್ಗಗಳು ನಿಂತಿವೆ. ಬಿಟ್ಟಿ ಟೋಸ್ಟ್ ನಿಂತಿಲ್ಲ.

ತಮಾಯೊ ಅವರ ಕಾಫಿ ಅಂಗಡಿ ನನ್ನ ಕ್ಷೌರದಂಗಡಿಯ ಪಕ್ಕದಲ್ಲೇ ಇದೆ. ಬೀಜವನ್ನು ಅವರೇ ಹುರಿಯುತ್ತಾರೆ. ಹುರಿಯುವ ದಿನ ನನ್ನ ಗಿರಾಕಿಗಳು ತಲೆಯಲ್ಲಿ ಕಾಫಿಯ ವಾಸನೆ ಹೊತ್ತು ಮನೆಗೆ ಹೋಗುತ್ತಾರೆ. ಗಾಜಿನ ಬುಡ್ಡಿಯ ಕೆಳಗೆ ಉರಿಯಿಟ್ಟು, ನೀರು ಮೇಲಿನ ಬುಡ್ಡಿಗೆ ಏರಿ ಕಾಫಿಯಾಗಿ ಇಳಿಯುವವರೆಗೆ ಯಾರು ಮಾತಾಡಿಸಿದರೂ ಉತ್ತರವಿಲ್ಲ. ಗಂಡ ತೀರಿಕೊಂಡ ಮೇಲೆ ಆ ಹೆಂಗಸಿಗೆ ಉಳಿದ ಆಸೆ ಒಂದೇ: ಯಾರಾದರೂ ಒಬ್ಬರು ಟೋಸ್ಟಿಗಲ್ಲದೆ ತನ್ನ ಕಾಫಿಗಾಗಿ ಬರಬೇಕು. ಹೇಗಿದೆ ಎಂದು ಕೇಳಿದರೆ ಎಲ್ಲರೂ ‘ಬಹಳ ಚೆನ್ನಾಗಿದೆ’ ಎನ್ನುತ್ತಾರೆ. ನಾವು ಹಲ್ಲು ಕಿತ್ತ ಡಾಕ್ಟರಿಗೂ ಅದನ್ನೇ ಹೇಳುವ ಜನ. ಅರ್ಧ ಕುಡಿದಿಟ್ಟ ಕಪ್ಪುಗಳನ್ನು ತೊಳೆಯುವ ತಮಾಯೊಗೆ ಇದು ಗೊತ್ತಿಲ್ಲದ್ದೇನಲ್ಲ.

ಹೀಗಿರುವಾಗ ಎದುರುಗಡೆ ಹೊಸ ಅಂಗಡಿಯೊಂದು ತೆರೆಯಿತು. ಅಲ್ಲಿ ಕಾಫಿಯ ಜೊತೆ ಟೋಸ್ಟು, ಮೊಟ್ಟೆ, ಕೆಂಪು ಕಾಳಿನ ಸಿಹಿ ಹೂರಣ, ಸೊಪ್ಪಿನ ಸಲಾಡು, ಮೇಲೊಂದು ಬಟ್ಟಲು ಹುಳಿಸಿದ ಸೋಯಾದ ಮಿಸೊ ಸಾರು. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವವರೆಲ್ಲ ರಸ್ತೆ ದಾಟಿದರು. ನೀವೂ ಏನಾದರೂ ಸೇರಿಸಿ ಎಂದು ನಾನು ಹೇಳಿದ್ದಕ್ಕೆ ತಮಾಯೊ ಮೂಗು ಮುರಿದರು.

“ಕಾಫಿ ಕುಡಿಯೋರು ಇಲ್ಲಿಗೆ ಬರ್ಲಿ. ಮದುವೆ ಊಟ ಬೇಕಾದೋರು ಅಲ್ಲಿಗೆ ಹೋಗ್ಲಿ.”

ಆಗಸ್ಟಿನ ಬೇಗೆಯಲ್ಲಿ ಅವರ ಫ್ರೀಜರ್ ಕೈಕೊಟ್ಟಿತು. ಸೋಡಾದ ಮೇಲೆ ತೇಲಿಬಿಡಲು ಇಟ್ಟಿದ್ದ ವೆನಿಲಾ ಐಸ್‌ಕ್ರೀಂ ಡಬ್ಬಿಯಲ್ಲೇ ಕರಗಿ ಗಟ್ಟಿ ಹಾಲಿನಂತಾಗಿತ್ತು. ಅನ್ನದ ಅಗುಳು ಬಟ್ಟಲಲ್ಲಿ ಉಳಿದರೂ ಕಣ್ಣು ಕುರುಡಾಗುತ್ತದೆಂದು ಹೆದರಿಸಿ ಬೆಳೆಸಿದ ಪೀಳಿಗೆ ಅದು, ಚೆಲ್ಲುವುದೆಲ್ಲಿ ಬಂತು? ಹಿಂದಿನ ದಿನದ ಬ್ರೆಡ್ಡನ್ನು ಅದರಲ್ಲಿ ನೆನೆಹಾಕಿ, ಬೆಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಬೇಯಿಸಿ, ಮಾಮೂಲಿ ಟೋಸ್ಟಿನ ಬದಲು ತಂದಿಟ್ಟರು.

ಅಂದು ಅಂಗಡಿಯಲ್ಲಿ ಇದ್ದವರು ನಾನು ಮತ್ತು ಕುರಾಚಿ. ಕುರಾಚಿ ನಿವೃತ್ತ ಅಂಚೆಯವನು. ಊರಿನ ಸುದ್ದಿಯನ್ನೆಲ್ಲ ಈಗಲೂ ಮನೆಮನೆಗೆ ಮುಟ್ಟಿಸುತ್ತಾನೆ, ಆದರೆ ಸಂಬಳವಿಲ್ಲದೆ. ಒಂದು ತುತ್ತು ತಿಂದು ಕಣ್ಣು ಮುಚ್ಚಿದ.

“ತಮಾಯೊ ಸಾನ್, ಏನು ಹಾಕಿದ್ರಿ ಇದಕ್ಕೆ? ಮೊಟ್ಟೆ ಎಷ್ಟು?”

“ಮೊಟ್ಟೆ ಒಡೆದೇ ಇಲ್ಲ. ಫ್ರೀಜರ್ ಕೆಟ್ಟು ಐಸ್‌ಕ್ರೀಂ ಕರಗಿತ್ತು. ಹಳೇ ಬ್ರೆಡ್ಡು ಅದರಲ್ಲಿ ಅದ್ದಿದೆ, ಅಷ್ಟೇ.”

ಕುರಾಚಿ ನನ್ನ ಕಡೆ ತಿರುಗಿದ. “ನೋಡಿದ್ರಾ? ಎಂಥಾ ವಿನಯ.”

ತಪ್ಪು ಅವನದಲ್ಲ. ನಾವು ಊರಿಗೇ ಶ್ರೇಷ್ಠವಾದ ಪೀಚ್ ಹಣ್ಣನ್ನು ಉಡುಗೊರೆ ಕೊಡುವಾಗಲೂ ‘ಕೆಲಸಕ್ಕೆ ಬಾರದ್ದು, ದಯವಿಟ್ಟು ಸಹಿಸಿಕೊಳ್ಳಿ’ ಎನ್ನುತ್ತೇವೆ. ಮೂರು ದಿನ ಬೆವರು ಸುರಿಸಿ ಅಡುಗೆ ಮಾಡಿ ‘ಏನೂ ಮಾಡಿಲ್ಲ’ ಎಂದು ಬಡಿಸುತ್ತೇವೆ. ಅಂಥ ಊರಿನಲ್ಲಿ ಒಬ್ಬಾಕೆ ಇದು ಕೆಟ್ಟುಹೋದ ಐಸ್‌ಕ್ರೀಮು, ಹಳಸಲು ಬ್ರೆಡ್ಡು ಎಂದರೆ ಒಳಗೆ ಎಂಥ ಗುಟ್ಟಿರಬೇಡ! ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುತ್ತಾರಲ್ಲ, ನಮ್ಮಲ್ಲಿ ಎದ್ದು ಬಂದು ತಲೆಬಾಗುತ್ತಾರೆ.

ಕುರಾಚಿ ಸುದ್ದಿ ಮುಟ್ಟಿಸಿ, ವಾರ ಕಳೆಯುವಷ್ಟರಲ್ಲಿ ಆ ಟೋಸ್ಟಿಗಾಗಿ ಬಾಗಿಲ ಮುಂದೆ ಸಾಲು; ತಮಾಯೊ ದಿನವೂ ಐಸ್‌ಕ್ರೀಂ ತಂದು ಕರಗಿಸಬೇಕಾಯಿತು. ಅದಕ್ಕೆ ಹಾಕುವುದು ಬೆಟ್ಟದ ಕೋಳಿಯ ಮೊಟ್ಟೆಯಂತೆ, ತಮಾಯೊ ಅವರ ಅಜ್ಜಿ ಯೊಕೊಹಾಮಾದಲ್ಲಿ ಫ್ರಾನ್ಸಿನವರ ಅಡುಗೆಮನೆಯಲ್ಲಿದ್ದಳಂತೆ. ಆ ಅಜ್ಜಿ ನದಿಯಾಚೆ ಮೂಲಂಗಿ ಬೆಳೆಯುತ್ತಿದ್ದವಳು. ತಮಾಯೊ ಒಬ್ಬೊಬ್ಬರಿಗೂ ಐಸ್‌ಕ್ರೀಂ, ಐಸ್‌ಕ್ರೀಂ ಎಂದು ಹೇಳಿ ಗಂಟಲು ಒಣಗಿಸಿಕೊಂಡರು. ಹೇಳಿದಷ್ಟೂ ಕೀರ್ತಿ ಬೆಳೆಯಿತು. ಇದನ್ನೆಲ್ಲ ನೋಡಿ ನನಗೆ ನಗು ತಡೆಯುತ್ತಿರಲಿಲ್ಲ. ಅವರಿಗೆ ನಗು ಬರುತ್ತಿರಲಿಲ್ಲ, ಏಕೆಂದರೆ ತೊಳೆಯುವ ತೊಟ್ಟಿಯಲ್ಲಿ ಅರ್ಧ ತುಂಬಿದ ಕಪ್ಪುಗಳು ಮೊದಲಿಗಿಂತ ಹೆಚ್ಚಾಗಿದ್ದವು. ಕೊನೆಗೊಂದು ದಿನ ಚೆನ್ನಾಗಿ ಉಟ್ಟುತೊಟ್ಟ ಹೆಂಗಸೊಬ್ಬಳು, “ಕಾಫಿ ದುಡ್ಡು ತಗೊಳ್ಳಿ, ಕಾಫಿ ಬೇಡ, ನೀರು ಸಾಕು. ಟೋಸ್ಟ್ ಮಾತ್ರ ತನ್ನಿ” ಎಂದಳು.

ಮರುದಿನ ತಮಾಯೊ ಐಸ್‌ಕ್ರೀಂ ಡಬ್ಬಿಯನ್ನೇ ತಂದು ಎಲ್ಲರ ಕಣ್ಣೆದುರಿಗೆ ಇಟ್ಟರು. ಕರಗಿದ್ದನ್ನು ತಟ್ಟೆಗೆ ಸುರಿದು, ಬ್ರೆಡ್ಡು ಅದ್ದಿ, ಬಾಣಲೆಗೆ ಹಾಕಿದರು. “ಹಾಲು, ಸಕ್ಕರೆ, ಮೊಟ್ಟೆ ಎಲ್ಲಾ ಡಬ್ಬಿಯೋರೇ ಬೆರೆಸಿಟ್ಟಿರ್ತಾರೆ. ನಿಮ್ಮ ಮನೇಲೂ ಆಗುತ್ತೆ, ಹೋಗಿ ಮಾಡ್ಕೊಳ್ಳಿ.”

ಮೊದಲ ಬಾರಿಗೆ ಜನ ಅವರನ್ನು ನಂಬಿದರು. ಸಂಜೆಯೊಳಗೆ ಊರಿನ ಸೂಪರ್‌ಮಾರ್ಕೆಟ್ಟಿನಲ್ಲಿ ವೆನಿಲಾ ಖಾಲಿ. ಮರುದಿನ ಬೆಳಗ್ಗೆ ತಮಾಯೊ ಅಂಗಡಿಯೂ ಖಾಲಿ.

ನನಗೆ ಸಿಟ್ಟು ಬಂತು. “ಕೂತು ಉಣ್ಣೋ ಹೊತ್ತಿಗೆ ಎಲೆ ಎಳ್ಕೊಂಡ್ರಲ್ಲಾ. ನಿಮಗೇನು ಬುದ್ಧಿ ನೆಟ್ಟಗಿದ್ಯಾ?”

“ಖಾಲಿ ಕುರ್ಚಿನೇ ವಾಸಿ ಬಿಡಿ,” ಎಂದರು. “ಅದು ಕಾಫಿ ಅರ್ಧಕ್ಕೆ ಬಿಡಲ್ಲ.” ಆಮೇಲೆ ಹೊಸ ವರ್ಷಕ್ಕೆ ಮೊದಲೇ ಅಂಗಡಿ ಮುಚ್ಚುವುದಾಗಿ ಹೇಳಿದರು. ಅದನ್ನು ಹೇಳುವಾಗ ಅವರು ಒರೆಸುತ್ತಿದ್ದ ಬುಡ್ಡಿ ಆಗಲೇ ಶುಭ್ರವಾಗಿತ್ತು.

ಮರದ ಎಲೆ ಹಳದಿಯಾಗುವ ಹೊತ್ತಿಗೆ ಕುರಾಚಿ ಮತ್ತೆ ಬಂದ. ಕಳ್ಳನಂತೆ ಆಚೀಚೆ ನೋಡಿ ಕೂತು, ಬಟ್ಟೆಯಲ್ಲಿ ಸುತ್ತಿದ್ದ ಡಬ್ಬಿ ಬಿಚ್ಚಿದ. ಒಳಗೆ ಮನೆಯಲ್ಲಿ ಮಾಡಿದ ಐಸ್‌ಕ್ರೀಂ ಟೋಸ್ಟ್. ಹೊರಗಿನ ತಿಂಡಿಯನ್ನು ಕಾಫಿ ಅಂಗಡಿಗೆ ತರುವುದು ಎಂಥ ಅವಮಾನವೆಂದು ಅವನಿಗೂ ಗೊತ್ತು, ಕಿವಿ ಕೆಂಪಗಾಗಿತ್ತು. ತಮಾಯೊ ಕಾಫಿ ತಂದಿಟ್ಟರು. ಅವನು ತುತ್ತಿಗೊಂದು ಗುಟುಕಿನಂತೆ ಕುಡಿದು, ಕಪ್ಪನ್ನು ತಳದವರೆಗೂ ಬರಿದು ಮಾಡಿದ.

ತಮಾಯೊ ಆ ಕಪ್ಪನ್ನೇ ನೋಡುತ್ತ ಕೇಳಿದರು. “ಹೇಗಿದೆ?”

‘ಬಹಳ ಚೆನ್ನಾಗಿದೆ’ ಎಂಬ ಮಾತಿಗೆ ನಾನು ಕಾಯುತ್ತಿದ್ದೆ.

“ಕಹಿ,” ಎಂದ ಕುರಾಚಿ. “ಮೊದಲಿಂದ್ಲೂ ಕಹಿನೇ. ನಿಮ್ಮ ಮನಸ್ಸು ನೋಯುತ್ತೆ ಅಂತ ಹೇಳಿರ್ಲಿಲ್ಲ. ಆದ್ರೆ ಈ ಹಾಳು ಸಿಹಿ ಮನೇಲಿ ಎರಡು ತುತ್ತು ತಿನ್ನೋಷ್ಟರಲ್ಲಿ ಬಾಯಿ ಅಂಟುತ್ತೆ. ನಮ್ಮನೆಯೋಳ ಕಾಫೀಲಿ ಇಳೀಲಿಲ್ಲ. ಎದುರು ಅಂಗಡೀದು ಬರೀ ಬಿಸಿನೀರು. ಇನ್ನೊಂದು ಕೊಡಿ.”

ತಮಾಯೊ ಅವರ ಕಾಫಿಯನ್ನು ಮುಖದ ಮೇಲೆ ಬೈದ ಮೊದಲ ಮನುಷ್ಯ ಅವನು. ಅವರು ನಂಬಿದ ಮೊದಲ ಮನುಷ್ಯನೂ ಅವನೇ. ಅವರು ಬುಡ್ಡಿಯ ಕೆಳಗೆ ಮತ್ತೆ ಉರಿ ಹಚ್ಚಿದರು.

“ಹೊರಗಿನ ತಿಂಡಿ ಇಲ್ಲಿ ತರೋ ಹಾಗಿಲ್ಲ ಕುರಾಚಿ ಸಾನ್,” ಎಂದರು ತಮಾಯೊ, ಬುಡ್ಡಿಯಿಂದ ಕಣ್ಣು ತೆಗೆಯದೆ. “ನಾಳೆಯಿಂದ, ಹೊಸ ವರ್ಷ ಆದ್ಮೇಲೂ, ಆ ಮೂಲೆ ಮೇಜಲ್ಲಿ ಕೂತ್ಕೊಳ್ಳಿ. ಅಲ್ಲಿ ಯಾರಿಗೂ ಕಾಣಲ್ಲ.”