ಟೀವಿಯ ನೆಗೆಣ್ಣಿಯರಿಗೆ ದೊಡ್ಡಮ್ಮ ಕಟ್ಟಿದ ಕತೆ

ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಮೊನ್ನೆ ಅಂಗಡಿಯಲ್ಲಿ ಹೊಸ ಜೀನ್ಸ್ ಪ್ಯಾಂಟೊಂದರ ಮಡಿಕೆ ಬಿಚ್ಚಿದಾಗ ಆ ವಾಸನೆ ಬಂತು. ನೀಲಿ ಬಣ್ಣದ್ದು, ತುಸು ಹುಳಿ ಅನ್ನಿಸುವಂಥದ್ದು. ಅದರ ಬೆನ್ನಿಗೇ ದೊಡ್ಡಮ್ಮನ ದನಿ ನೆನಪಾಯಿತು. ಮುಖ ಮಾತ್ರ ನೆನಪಾಗಲಿಲ್ಲ. ಅಲ್ಲೇ ನಿಂತು ಸ್ವಲ್ಪ ಹೊತ್ತು ಕಾದೆ...

ರಾಯದುರ್ಗದ ನಮ್ಮ ಓಣಿಯಲ್ಲಿ ಆಗ ಮನೆಮನೆಗೂ ಜೀನ್ಸಿನ ಗಂಟು ಬರುತ್ತಿತ್ತು. ಶೆಡ್ಡಿನಲ್ಲಿ ಹೊಲಿದ ಪ್ಯಾಂಟುಗಳಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಸಿ ಕೊಡುವುದು ಹೆಂಗಸರ ಕೆಲಸ. ನಮ್ಮ ಪಡಸಾಲೆಯಲ್ಲಿ ಟೀವಿ ಇತ್ತು. ಹಾಗಾಗಿ ಮಧ್ಯಾಹ್ನ ಅಕ್ಕಪಕ್ಕದವರೂ ಗಂಟು ಹೊತ್ತುಕೊಂಡು ಬಂದು ಕೂರುತ್ತಿದ್ದರು. ಅವ್ವ ಬಾಗಿಲ ಬಳಿ, ದೊಡ್ಡಮ್ಮ ಎದುರು ಗೋಡೆಗೆ. ಇಬ್ಬರೂ ಒಂದೇ ಮನೆಯ ಸೊಸೆಯರು. ಒಲೆ ಬೇರೆ, ಮಾತಿಲ್ಲ. ಯಾಕೆಂದು ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಕೇಳಿದಾಗಲೆಲ್ಲ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದ್ದಾರೆ.

ಏನಿದ್ದರೂ ನನ್ನ ಮೂಲಕವೇ ಹೋಗಬೇಕು. "ನಿಮ್ಮ ದೊಡ್ಡಮ್ಮಗ ಹೇಳು, ನಳ ಬಂದೈತಿ ಅಂತ," ಎಂದು ಅವ್ವ ಹೇಳುವಾಗ ದೊಡ್ಡಮ್ಮ ಕೊಡ ಹಿಡಿದು ಅವಳ ಪಕ್ಕದಲ್ಲೇ ನಿಂತಿರುತ್ತಿದ್ದಳು.

"ನನಗೂ ಕಣ್ಣವೆ ಅಂತ ಹೇಳವ್ವ ನಿಮ್ಮಮ್ಮಂಗೆ."

ನಾನು ಎರಡನ್ನೂ ತಪ್ಪದೆ ಮುಟ್ಟಿಸುತ್ತಿದ್ದೆ.

ದೊಡ್ಡಮ್ಮ ಮಡಕಶಿರದ ಕಡೆಯವಳು. ದೊಡ್ಡಪ್ಪ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದ್ದ, ಹಬ್ಬಕ್ಕಷ್ಟೇ ಬರುತ್ತಿದ್ದ. ಮಕ್ಕಳಿರಲಿಲ್ಲ. ಅವಳು ಒಬ್ಬಳೇ ಉಂಡು ತಟ್ಟೆ ತೊಳೆದಿಡುವ ಸದ್ದು ಗೋಡೆಯಾಚೆಯಿಂದ ನಮಗೆ ಕೇಳುತ್ತಿತ್ತು.

ಮಧ್ಯಾಹ್ನ ಎಲ್ಲರೂ ನೋಡುತ್ತಿದ್ದ ಧಾರಾವಾಹಿಯಲ್ಲಿ ಒಂದು ಬಂಗಲೆ, ಅದರಲ್ಲಿ ಇಬ್ಬರು ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡಿರು. ಹಿರಿಯಳು ಸಾಧು, ಕಿರಿಯಳು ಹಾವು. ಕರೆಂಟು ಮಾತ್ರ ಕತೆ ಬಿಗಿಯಾದಾಗಲೇ ಹೋಗುತ್ತಿತ್ತು. ಆಗ ದೊಡ್ಡಮ್ಮ ಕೈಯ ಕತ್ತರಿ ನಿಲ್ಲಿಸದೆ ಮುಂದಿನದನ್ನು ಹೇಳುತ್ತಿದ್ದಳು. ಅವಳ ಕತೆಯಲ್ಲಿ ಹಿರಿಯಳು ಕಿರಿಯಳ ತಲೆ ಬಾಚುತ್ತಿದ್ದಳು. ರೇಷ್ಮೆ ಸೀರೆ ಉಟ್ಟ ಆ ಇಬ್ಬರೂ ನೇಮಕಲ್ಲಿನ ಆಂಜನೇಯನ ಗುಡಿಗೆ ಹೊರಟು, ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಹುರಿದ ಶೇಂಗಾ ತಿನ್ನುತ್ತಿದ್ದರು.

"ಏ ಮಡಕಶಿರದಾಕಿ, ಕಾರಿದ್ದೋರು ಬಸ್ಸಿಗೆ ಯಾಕ ಹೋಗ್ತಾರ?" ಎಂದು ಮೂಲೆಮನೆಯ ಅಜ್ಜಿ ಕಾಡಿಸುತ್ತಿದ್ದಳು.

"ಕಾರಿನಾಗೆ ಡ್ರೈವರ್ ಇರ್ತಾನೆ ಕಣಜ್ಜಿ. ಇಬ್ರೂ ಮನಸು ಬಿಚ್ಚಿ ಮಾತಾಡೋದು ಹೆಂಗೆ?"

ಎಲ್ಲರೂ ನಗುತ್ತಿದ್ದರು. ಅವ್ವ ನಕ್ಕದ್ದು ನನಗೆ ನೆನಪಿಲ್ಲ. ಆದರೆ ಕರೆಂಟು ಹೋದರೆ ಎದ್ದು ಒಳಗೆ ಹೋಗುತ್ತಿದ್ದವಳು ಬರಬರುತ್ತಾ ಏಳುವುದನ್ನು ಬಿಟ್ಟಿದ್ದಳು. ಅದಂತೂ ನಿಜ ಅಂದುಕೊಂಡಿದ್ದೇನೆ.

ಒಂದು ಮಧ್ಯಾಹ್ನ ಟೀವಿಯಲ್ಲಿ ಹಿರಿಯಳಿಗೆ ಜ್ವರ. ಕಿರಿಯಳು ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಅಷ್ಟರಲ್ಲಿ ಕರೆಂಟು ಹೋಯಿತು.

"ವಿಷ ಹಾಕ್ಯಾಳ ನೋಡ್ರಿ," ಎಂದಳು ಅಜ್ಜಿ.

"ಟೀವಿಯಾಗೆ ಹಾಕ್ಲಿ ಬಿಡಜ್ಜಿ. ನನ್ನ ಕತೆಯಾಗೆ ಅದು ಅಂಬಲಿ." ದೊಡ್ಡಮ್ಮ ತಲೆ ಎತ್ತಲಿಲ್ಲ. "ಕಿರಿಯಳು ಒಳಗೆ ಬರಾಕೆ ನಾಚ್ತಾಳೆ. ಯಾವ ಕಾಲಕ್ಕೆ ಮಾತು ಬಿಟ್ಟಿದ್ದೋ ಏನೋ. ಹಿರಿಯಳಿಗೆ ಎಚ್ಚರ ಐತೆ. ಎಚ್ಚರ ಇದ್ರೂ ಕಣ್ಣು ಮುಚ್ಕೊಂಡವಳೆ, ಅವಳೇ ಕರೀಲಿ ಅಂತ..."

ಅಲ್ಲಿಗೆ ನಿಲ್ಲಿಸಿದಳು. ಆಗ ಅವ್ವ ನನ್ನ ಕಡೆ ನೋಡಿದಳು. "ಆಮ್ಯಾಲೆ ಏನಾತಂತ, ಕೇಳು."

ನಾನು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಬಂತು. ಎಲ್ಲರೂ ಟೀವಿಯತ್ತ ತಿರುಗಿದರು. ಬಟ್ಟಲಲ್ಲಿ ಇದ್ದದ್ದು ವಿಷವೇ. ಅಜ್ಜಿ ಗೆದ್ದವಳಂತೆ ತೊಡೆ ತಟ್ಟಿಕೊಂಡಳು. ದೊಡ್ಡಮ್ಮ ಇನ್ನೊಂದು ಪ್ಯಾಂಟನ್ನು ಮಡಿಲಿಗೆಳೆದುಕೊಂಡಳು.

ಇದೆಲ್ಲ ಹೀಗೇ ನಡೆಯಿತೇ? ಕಾಲೇಜಿನ ದಿನಗಳಲ್ಲಿ ಆ ಅಜ್ಜಿಯನ್ನು ವಿಚಾರಿಸಿದ್ದೆ. "ಆಮ್ಯಾಲೆ ಏನಾತು" ಅಂತ ಕೇಳಿದ್ದು ತಾನು, ನಮ್ಮವ್ವ ಅಲ್ಲ ಎಂದು ಖಡಾಖಂಡಿತವಾಗಿ ಹೇಳಿದಳು. ದೊಡ್ಡಮ್ಮ ಟೀವಿಯವರಿಗೆ ಕತೆ ಕಟ್ಟಿದಂತೆಯೇ ನಾನು ಅವಳಿಗೂ ಅವ್ವನಿಗೂ ಕಟ್ಟುತ್ತಿರಬಹುದು. ಬರೆಯುವಾಗ ಆ ಭಯ ಇದ್ದೇ ಇದೆ.

ಆ ಮಧ್ಯಾಹ್ನದ ನಂತರ ಹೆಚ್ಚು ದಿನ ಕಳೆದಿರಲಿಲ್ಲ. ದೊಡ್ಡಪ್ಪ ಬಂದು, ಅವಳಿಗೂ ಗಾರ್ಮೆಂಟ್ಸಿನಲ್ಲಿ ಕೆಲಸ ಹೇಳಿದ್ದೇನೆಂದು ಕರೆದುಕೊಂಡು ಹೊರಟ. ಚೀಲ ಹಿಡಿದು ಹೊಸ್ತಿಲು ದಾಟಿದವಳು ನನ್ನ ಕಡೆ ತಿರುಗಿದಳು. "ನಿಮ್ಮಮ್ಮಂಗೆ ಹೇಳವ್ವ, ಹೋಗ್ಬರ್ತೀನಿ ಅಂತ." ಅವ್ವ ಅಲ್ಲೇ ಕಂಬ ಹಿಡಿದು ನಿಂತಿದ್ದಳು. "ಹೂಂ ಅಂತ ಹೇಳು," ಎಂದಳು.

ಆಮೇಲೆ ದೊಡ್ಡಮ್ಮ ಮದುವೆ ಮುಂಜಿಗೆ ಬಂದುಹೋದದ್ದು ಬಿಟ್ಟರೆ ಹೆಚ್ಚು ಕಾಣಲಿಲ್ಲ. ಹೊಲಿಗೆ ಮಿಷನ್ನಿನ ಮುಂದೆ ಕೂತು ಕೂತು ಸೊಂಟ ಹೋಗಿದೆ ಎಂದು ಯಾರೋ ಹೇಳುತ್ತಿದ್ದರು. ಬೆಂಗಳೂರಿನಲ್ಲೇ ತೀರಿಕೊಂಡಳು. ಅವ್ವ ಮಣ್ಣಿಗೆ ಹೋಗಿ ಬಂದು, ಸ್ನಾನ ಮಾಡಿ, ಒಲೆ ಹಚ್ಚಿದಳು. ಅವತ್ತು ಮನೆಯಲ್ಲಿ ಯಾರೂ ಟೀವಿ ಹಾಕಲಿಲ್ಲ. ದೊಡ್ಡಮ್ಮನ ಆ ಹಿರಿಯಳು ಕಣ್ಣು ತೆರೆದಳೋ ಇಲ್ಲವೋ, ಹೇಳುವವರು ಈಗ ಯಾರೂ ಇಲ್ಲ.

ಕಳೆದ ಸಲ ಊರಿಗೆ ಹೋದಾಗ ಅವ್ವ ಪಡಸಾಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತು ಕೇಳಿದೆ: "ಅವ್ವಾ, ಅವತ್ತು ಕರೆಂಟು ಬರದಿದ್ರ, ದೊಡ್ಡಮ್ಮನ್ನ ನೀನೇ ಮಾತಾಡಸ್ತಿದ್ದೇನು?"

ಅವ್ವ ಮೊರವನ್ನು ಬೆಳಕಿನ ಕಡೆ ತಿರುಗಿಸಿಕೊಂಡಳು. ಒಂದು ಕಲ್ಲು ಆರಿಸಿ ಹೊಸ್ತಿಲಾಚೆ ಎಸೆದಳು.