ಹಜರಾ ಬೀ ಮತ್ತು ಬೂದು ರಟ್ಟಿನ ಸಂಶೋಧಕರು

ತುಮಕೂರಿನ ಹಜರಾ ಬೀ ರಟ್ಟಿನ ಡಬ್ಬಿ ಮಾಡಲು ಹಿಡಿದು ಮೂವತ್ತೊಂದು ವರ್ಷ. ಬಳೆಗೆ, ಸೀರೆಗೆ, ಸಿಹಿಗೆ ಎಂಥ ರಟ್ಟು ಬೇಕೆಂದು ಹಾಳೆಯ ಮೂಲೆ ಹಿಡಿದು ಒಮ್ಮೆ ಅಲುಗಿಸಿಯೇ ಹೇಳಿಬಿಡುತ್ತಿದ್ದರು. ಈ ವಿದ್ಯೆಗೆ ಸರ್ಟಿಫಿಕೇಟ್ ಇಲ್ಲವಾದ್ದರಿಂದ ಅವರ ಮಾತು ಕೇಳಲೇಬೇಕೆಂಬ ಕಷ್ಟ ಯಾವ ಗಿರಾಕಿಗೂ ಇರಲಿಲ್ಲ.

ಸದಾಶಿವನಗರದ ಭಾನುಪ್ರಕಾಶ್ ಅವರಿಗಂತೂ ಇರಲೇ ಇಲ್ಲ. ಕುಣಿಗಲ್‌ನಲ್ಲಿ ಕೊಬ್ಬರಿ ಮಿಠಾಯಿ ಅಂಗಡಿ ತೆರೆಯಲು ಹೊರಟಿದ್ದ ಅವರು, ಮಿಠಾಯಿಯ ಪಾಕ ಗೊತ್ತಾಗುವ ಮೊದಲೇ ಡಬ್ಬಿಯ ಬಗ್ಗೆ ನಲವತ್ತು ವಿಡಿಯೊ ನೋಡಿ ಮುಗಿಸಿದ್ದರು.

ಹಜರಾ ಬೀ ಎರಡು ಮಿಲಿಮೀಟರ್ ದಪ್ಪದ ಬೂದು ರಟ್ಟು ತೆಗೆದು ಮುಂದಿಟ್ಟರು. ಭಾನುಪ್ರಕಾಶ್ ಮೂಗು ಮುರಿದರು.

"ಇದೇನಮ್ಮ, ರದ್ದಿ ಪೇಪರ್ ಥರ ಇದೆ."

"ರದ್ದಿಯಿಂದಾನೇ ಮಾಡೋದು ಸಾರ್. ಆದ್ರೆ ಗಟ್ಟಿ ಇದೆ. ಮೇಲೆ ಚೆಂದದ ಪೇಪರ್ ಅಂಟಿಸ್ತೀವಲ್ಲ, ಒಳಗಿಂದು ಯಾರು ನೋಡ್ತಾರೆ?"

"ನನಗೆ ಗೊತ್ತಿರ್ತದಲ್ಲ," ಎಂದರು ಭಾನುಪ್ರಕಾಶ್. ಅವರಿಗೆ ಬೇಕಿದ್ದದ್ದು ಹಾಲಿನಂಥ ಬಿಳಿಯ ತೆಳು ರಟ್ಟು, ಅದರ ಮೇಲೆ ಕೈಯಲ್ಲೇ ತಯಾರಿಸಿದ ಒರಟು ಕೈಕಾಗದ. ತುಪ್ಪ ಇಳಿಯದಂತೆ ಒಳಗೆ ಬಟರ್ ಪೇಪರ್ ಹಾಕಿದರೆ ಕೈಕಾಗದದ 'ಸಹಜ ಸೊಬಗು' ಕೆಡುತ್ತದಂತೆ.

ಹಜರಾ ಬೀ ಎರಡು ಸ್ಯಾಂಪಲ್ ಮಾಡಿ, ಎರಡರ ಮೇಲೂ ಇಟ್ಟಿಗೆ ಇಟ್ಟು ತೋರಿಸಿದರು. ಬೂದು ರಟ್ಟಿನದು ನಿಂತಿತು, ಬಿಳಿಯದು ಕುಕ್ಕರಿಸಿತು.

"ಮಿಠಾಯಿ ಮೇಲೆ ಯಾರಮ್ಮ ಇಟ್ಟಿಗೆ ಇಡ್ತಾರೆ?" ಎಂದು ಭಾನುಪ್ರಕಾಶ್ ನಕ್ಕರು. ಆರುನೂರು ಬಿಳಿ ಡಬ್ಬಿಗೆ ಆರ್ಡರ್ ಆಯಿತು.

"ಬೇಡ ಅಂತ ಗಟ್ಟಿಯಾಗಿ ಹೇಳ್ಬಾರ್ದಿತ್ತಾ?" ಎಂದು ಸೊಸೆ ಅಂಬ್ರೀನ್ ಕೇಳಿದಳು.

"ಎರಡು ಸಲ ಹೇಳ್ದೆ. ಮೂರನೇ ಸಲ ಹೇಳಿದ್ರೆ ನಮಗೇನೂ ಗೊತ್ತಿಲ್ಲ ಅಂತಾರೆ," ಎಂದು ಹಜರಾ ಬೀ ಅಂಟು ಕಲಸಲು ಕೂತರು.

ಕುಣಿಗಲ್‌ನಲ್ಲಿ ಅಂಗಡಿ ಉದ್ಘಾಟನೆ ವೈಭವದಿಂದ ನಡೆಯಿತು. ಇಟ್ಟಿಗೆ ಇಡುವವರು ಯಾರೂ ಬಂದಿರಲಿಲ್ಲ, ನಿಜ. ಆದರೆ ಭಾನುಪ್ರಕಾಶ್ ಅವರೇ ಫೋಟೊ ಚೆನ್ನಾಗಿ ಬರಲೆಂದು ಡಬ್ಬಿಗಳನ್ನು ಒಂಬತ್ತು ಅಂತಸ್ತು ಪೇರಿಸಿದ್ದರು. ಮುಖ್ಯ ಅತಿಥಿಗಳು ಸ್ವಚ್ಛತೆಯ ಬಗ್ಗೆ ಮಾತಾಡುತ್ತಿರುವಾಗ ಕೆಳಗಿನ ಸಾಲು ಸೊಂಟ ಮುರಿದು ಕೂತಿತು; ಮೇಲಿನವು ಒಂದೊಂದಾಗಿ ಅತಿಥಿಗಳ ಪಾದಕ್ಕೆ ಬಂದವು. ಅಷ್ಟರಲ್ಲಿ ತುಪ್ಪವೂ ಕೈಕಾಗದಕ್ಕೆ ಇಳಿದು, ಪ್ರತಿ ಡಬ್ಬಿಯ ಮೇಲೂ ಒಂದೊಂದು ದೇಶದ ನಕ್ಷೆ ಬರೆದಿತ್ತು. ಸಹಜ ಸೊಬಗಿಗೆ ಏನೂ ಕೊರತೆಯಾಗಲಿಲ್ಲ.

ಮಾರನೆಯ ದಿನ ಭಾನುಪ್ರಕಾಶ್ ತುಮಕೂರಿಗೆ ಬಂದು, "ನಿಮ್ಮ ಅಂಟು ಸರಿ ಇಲ್ಲ," ಎಂದರು.

ಇಷ್ಟೂ ದಿನ ಸುಮ್ಮನಿದ್ದ ಹಜರಾ ಬೀಗೆ ಆ ಮಾತು ಚುಚ್ಚಿತು. ಭಾನುಪ್ರಕಾಶ್ ತಂದಿದ್ದ ಮುರುಕು ಡಬ್ಬಿಯನ್ನೇ ತೆಗೆದುಕೊಂಡು ಅಂಟಿಸಿದ ಜಾಗವನ್ನು ಎರಡೂ ಕೈಯಿಂದ ಎಳೆದರು. ರಟ್ಟು ಹರಿಯಿತು, ಅಂಟು ಬಿಡಲಿಲ್ಲ.

"ನೋಡಿ ಸಾರ್. ನನ್ನ ಕೆಲಸ ಇಷ್ಟು. ಮಿಕ್ಕಿದ್ದು ನೀವು ಆರಿಸಿದ್ದು."

ಭಾನುಪ್ರಕಾಶ್ ಹರಿದ ಡಬ್ಬಿಯನ್ನು ಚೀಲಕ್ಕೆ ತುರುಕಿದರು. ಆಮೇಲೆ ಬೂದು ರಟ್ಟು, ಬಟರ್ ಪೇಪರ್ ಎರಡನ್ನೂ ತಾವೇ ಯೋಚಿಸಿದವರಂತೆ ಹೇಳಿ ಹೊಸ ಆರ್ಡರ್ ಕೊಟ್ಟರು.

ಎರಡು ತಿಂಗಳಲ್ಲಿ ಅವರು ಪ್ಯಾಕೇಜಿಂಗ್ ತಜ್ಞರೂ ಆದರು. ಗುಬ್ಬಿಯಲ್ಲಿ ಸಣ್ಣ ವ್ಯಾಪಾರಿಗಳ ಸಭೆಗೆ ಅವರದೇ ಉಪನ್ಯಾಸ; ಡಬ್ಬಿಗಳನ್ನು ಹೊತ್ತು ತರಲು ಬೇಕಾದ್ದರಿಂದ ಹಜರಾ ಬೀಗೂ ಅಂಬ್ರೀನ್‌ಗೂ ಆಹ್ವಾನ. ಬೂದು ರಟ್ಟನ್ನು ತಾವು ಕಂಡುಹಿಡಿದ ಕಥೆಯನ್ನು ಭಾನುಪ್ರಕಾಶ್ ಮುಕ್ಕಾಲು ಗಂಟೆ ಹೇಳಿದರು. ಕೊನೆಗೆ, ರಟ್ಟನ್ನು ಹೇಗೆ ಬೇಕಾದರೂ ಅಡ್ಡಾದಿಡ್ಡಿ ಕತ್ತರಿಸಬಹುದು, ಏನೂ ಆಗದು ಎಂದುಬಿಟ್ಟರು.

ಹಿಂದಿನ ಸಾಲಿನಲ್ಲಿದ್ದ ಹಜರಾ ಬೀ ಎದ್ದು ನಿಂತರು.

"ಹಂಗಲ್ಲ ಸಾರ್. ರಟ್ಟಿಗೂ ನಾರಿನ ದಿಕ್ಕು ಇರ್ತದೆ. ಅದು ನೋಡ್ದೆ ಕತ್ತರಿಸಿದ್ರೆ ಮುಚ್ಚಳ ಸೊಟ್ಟಗಾಯ್ತದೆ."

ಸಭೆಯ ಅಧ್ಯಕ್ಷರಾಗಿದ್ದ ಚನ್ನವೀರಯ್ಯ ಹಜರಾ ಬೀಯನ್ನು ವೇದಿಕೆಗೆ ಕರೆದರು. ಹಜರಾ ಬೀ ಒಂದು ತುಂಡು ರಟ್ಟನ್ನು ಉದ್ದಕ್ಕೆ ಬಗ್ಗಿಸಿ, ಆಮೇಲೆ ಅಡ್ಡಕ್ಕೆ ಬಗ್ಗಿಸಿ ತೋರಿಸಿದರು. ಒಂದು ಕಡೆ ಸಲೀಸು, ಇನ್ನೊಂದು ಕಡೆ ಹಟ. ಚನ್ನವೀರಯ್ಯ ತಾವೂ ಬಗ್ಗಿಸಿ ನೋಡಿ ತಲೆದೂಗಿದರು. ರಟ್ಟು ಕೈಯಿಂದ ಕೈಗೆ ಸಭೆಯಲ್ಲೆಲ್ಲ ಓಡಾಡಿತು.

ಉಪನ್ಯಾಸಕರಿಗೆ ಶಾಲು ಹೊದಿಸುವ ಹೊತ್ತಿಗೆ ಅರ್ಧ ಸಭೆ ಹಿಂದಿನ ಸಾಲಿಗೆ ಮರಳಿದ್ದ ಹಜರಾ ಬೀ ಸುತ್ತ ಸೇರಿತ್ತು, ಮತ್ತು ಅಂಬ್ರೀನ್ ಎಲ್ಲರಿಗೂ ಅತ್ತೆಯ ಫೋನ್ ನಂಬರ್ ಬರೆದು ಕೊಡುತ್ತಿದ್ದಳು.