ಹಿಂದಿನ ಬ್ರೇಕು, ಖಾಲಿ ಕೇಜು

ಹಳೆಯ ಕಾರು ಕೊಳ್ಳಲು ಬರುವವರನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಎಷ್ಟು ವೇಗ ಹೋಗುತ್ತದೆ, ಲೀಟರಿಗೆ ಎಷ್ಟು ಕೊಡುತ್ತದೆ ಎಂದೆಲ್ಲ ಕೇಳುತ್ತಾರೆ. ಬೇಕಾದ ಕಡೆ ನಿಲ್ಲುತ್ತದೆಯೇ ಎಂದು ಕೇಳಿದವರನ್ನು ನಾನು ಕಂಡಿಲ್ಲ. ನಾನೂ ಕೇಳಿರಲಿಲ್ಲ. ಮೂರ್ನಾಲ್ಕು ಕೈ ದಾಟಿ ಬಂದ ಆ ಫಿಯಟ್ಟನ್ನು ಬಣ್ಣಕ್ಕೆ ಮರುಳಾಗಿ ಕೊಂಡೆ. ನಿಲ್ಲಿಸುವುದೇ ನನ್ನ ಹೊಟ್ಟೆಪಾಡಾಗಿದ್ದರಿಂದ ಇದನ್ನು ಹೇಳಿಕೊಳ್ಳಲು ಸ್ವಲ್ಪ ಸಂಕೋಚವಾಗುತ್ತದೆ.

ಎಂಬತ್ತರ ದಶಕದಲ್ಲಿ ನಾನು ಊರಿಗಾಂನಲ್ಲಿ ವೈಂಡಿಂಗ್ ಡ್ರೈವರ್ ಆಗಿದ್ದೆ. ಚಿನ್ನದ ಗಣಿಯೊಳಕ್ಕೆ ಆಳುಗಳನ್ನು ಇಳಿಸುವ ಕಬ್ಬಿಣದ ಗೂಡಿಗೆ ಕೇಜು ಎನ್ನುತ್ತಾರೆ. ಉಕ್ಕಿನ ಹಗ್ಗದ ಒಂದು ತುದಿಗೆ ಆ ಕೇಜು. ಇನ್ನೊಂದು ತುದಿಯ ಎಂಜಿನ್ ಮನೆಯಲ್ಲಿ ಬ್ರೇಕಿನ ಹಿಡಿ ಹಿಡಿದು ಕೂತ ನಾನು. ಇಳಿಯುವವರ ಮುಖ ನನಗೆ ಕಾಣದು. ಗಂಟೆ ಬಡಿದಾಗ ಇಳಿಸಬೇಕು, ಆಳ ತೋರಿಸುವ ಮುಳ್ಳು ಗುರುತಿಗೆ ಬಂದಾಗ ನಿಲ್ಲಿಸಬೇಕು. ಇಳಿಸುವ ಕೆಲಸವನ್ನು ಭೂಮಿಯೇ ಮಾಡಿಕೊಳ್ಳುತ್ತದೆ, ಸಂಬಳ ಕೊಡುವುದು ನಿಲ್ಲಿಸುವುದಕ್ಕೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಮಾತಿನಲ್ಲಿ ನನಗೆ ಬಹಳ ಜಂಬವಿತ್ತು.

ಚೊಚ್ಚಲ ಹೆರಿಗೆಗೆ ಮಗಳು ಸರೋಜ ಬಂದಳು. ಬಂಗಾರಪೇಟೆ ಸ್ಟೇಷನ್ನಿನಿಂದ ಕಾರಿನಲ್ಲಿ ಕರೆತರುವಾಗ ರೈಲ್ವೆ ಗೇಟು ಮುಚ್ಚಿತ್ತು. ಪೆಡಲ್ ಒತ್ತಿದೆ. ಹಿಂದಿನ ಚಕ್ರಗಳಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬಂತು. ಕಾರು ಗೇಟಿಗೆ ಮೂಗು ತಾಗಿಸುವಷ್ಟು ಹತ್ತಿರ ಹೋಗಿ ನಿಂತಿತು. ಸರೋಜ ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕೂತಿದ್ದಳು. ಕನ್ನಡಿಯಲ್ಲಿ ನನಗೆ ಆ ಕೈಗಳೇ ಕಂಡವು. ನೋವು ಬಂದಾಗ ಅವಳನ್ನು ಆಸ್ಪತ್ರೆಗೆ ಒಯ್ಯಬೇಕಾದದ್ದು ಇದೇ ಕಾರು. ಅದೂ ನಮ್ಮ ಮನೆ ಮುಂದಿನ ಇಳಿಜಾರಿನಲ್ಲಿ.

ರಾಬರ್ಟ್‌ಸನ್‌ಪೇಟೆಯಿಂದ ಹೊಸ ಲೈನರ್ ಹೊಡೆಸಿದ ಬ್ರೇಕ್ ಶೂಗಳನ್ನು ತಂದು, ರಜೆಯ ದಿನ ಮನೆಯ ಮುಂದೆಯೇ ಕೆಲಸಕ್ಕೆ ಕೂತೆ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗಕ್ಕೆ ಜಾಕು ಹಾಕಿ, ಕೆಳಗೆ ಮರದ ದಿಮ್ಮಿ ಇಟ್ಟೆ. ಚಕ್ರ ಬಿಚ್ಚಿದರೆ ಬೋರಲು ಹಾಕಿದ ಪಾತ್ರೆಯಂಥ ಡ್ರಮ್ಮು. ಅದರೊಳಗೆ ಬೆನ್ನು ಬಾಗಿದ ಎರಡು ಶೂಗಳು, ಅವುಗಳ ಬೆನ್ನಿಗೆ ಡ್ರಮ್ಮನ್ನು ಉಜ್ಜಿ ಹಿಡಿಯುವ ಪಟ್ಟಿ, ಅದೇ ಲೈನರು. ಚಕ್ರ ನಿಲ್ಲಿಸುತ್ತ ನಿಲ್ಲಿಸುತ್ತ ತಾನೇ ಸವೆದುಹೋಗುವುದು ಲೈನರಿನ ಕಸುಬು. ಮನೆಗಳಲ್ಲೂ ಅಂಥವರು ಒಬ್ಬರಿರುತ್ತಾರೆ. ನಮ್ಮ ಮನೆಯಲ್ಲಿ ನನ್ನ ಹೆಂಡತಿ ರತ್ನಮ್ಮ.

ಎರಡೂ ಬದಿಯನ್ನು ಒಟ್ಟಿಗೆ ಬಿಚ್ಚಬಾರದು ಎಂಬ ಬುದ್ಧಿ ನನಗಿತ್ತು. ಯಾವ ಸ್ಪ್ರಿಂಗು ಯಾವ ತೂತಿಗೆ ಎಂಬ ಸಂದೇಹ ಬಂದರೆ ಬಿಚ್ಚದ ಬದಿಯನ್ನು ನೋಡಿಕೊಳ್ಳಬಹುದಲ್ಲ. ಆದರೆ ಆ ಬದಿಯಲ್ಲಿ ಎಡ ಬಲ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿರುತ್ತವೆ ಎಂದು ತಿಳಿದದ್ದು, ಸ್ಪ್ರಿಂಗು ಹಾರಿ ತುಳಸಿಯ ಬುಡ ಸೇರಿದ ಮೇಲೆ. ರತ್ನಮ್ಮ ಅದನ್ನು ಹೆಕ್ಕಿ ತಂದಳು. ಅವಳು ಕ್ಯಾಸಂಬಳ್ಳಿ ಕಡೆಯ ಒಕ್ಕಲು ಮನೆತನದವಳು, ಮಾತು ನೆಟ್ಟಗೆ.

"ಅಷ್ಟು ದೊಡ್ಡ ಮಿಸನ್ನು ಓಡುಸ್ತೀರ, ಈ ಸ್ಪ್ರಿಂಗು ನಿಮ್ಮ ಮಾತು ಕೇಳಲ್ವಾ?" ಎಂದಳು.

ಗಣಿಯಲ್ಲಿ ಒಂದು ಪದ್ಧತಿಯಿದೆ. ರಿಪೇರಿಯಾದ ಮೇಲೆ ಕೇಜನ್ನು ಒಮ್ಮೆ ಖಾಲಿ ಇಳಿಸಿ, ಖಾಲಿ ಏರಿಸದೆ, ಒಬ್ಬ ಆಳನ್ನೂ ಅದರಲ್ಲಿ ನಿಲ್ಲಿಸುವುದಿಲ್ಲ. ನಮ್ಮಂಥವರಿಗೆ ಅದು ನಿಯಮಕ್ಕಿಂತ ಹೆಚ್ಚು, ಒಂದು ಮಡಿ. ನನಗಂತೂ ಆ ಮಡಿ ಮನೆಯವರೆಗೂ ಬಂದಿತ್ತು. ಸರೋಜ ಹುಟ್ಟಿದಾಗ ತಂದ ತೊಟ್ಟಿಲಲ್ಲಿ ಮೊದಲು ರಾಗಿ ಚೀಲ ಮಲಗಿಸಿ ತೂಗಿದವನು ನಾನು. ನೆಂಟರು ನಕ್ಕರು. ನಗಲಿ, ಕೂಸು ಬೀಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಚಕ್ರಗಳು ಕೂತವು. ನಾನು ಸ್ಟೀರಿಂಗ್ ಹಿಡಿದು ಕೂತು, ಎಂಜಿನ್ ಮನೆಯ ಗತ್ತಿನಲ್ಲೇ ಹೇಳಿದೆ: "ಯಾರೂ ಕೂರಂಗಿಲ್ಲ. ಮೊದ್ಲು ಖಾಲಿ ಓಡ್ಲಿ."

ರತ್ನಮ್ಮ ಕಿಟಕಿಯ ಹತ್ತಿರ ಬಂದಳು. "ಖಾಲಿ ಅಂದ್ರೆ? ನೀವೂ ಇಳೀತೀರಾ?"

"ನಾನ್ ಇಳಿದ್ರೆ ಓಡ್ಸೋರು ಯಾರು? ನಾನು ಡ್ರೈವರು."

"ಡ್ರೈವರು ಅಂದ್ರೆ ಮನ್ಸ ಅಲ್ವಾ? ಒಳಗೆ ಕೂತ್ಕಂಡು ಖಾಲಿ ಅಂತೀರಲ್ಲ. ಬ್ರೇಕು ಇಡೀದೆ ಓದ್ರೆ ನಾನು ಓಗಿ ಯಾರ್ನ ಕೇಳ್ಲಿ?"

ಹಗ್ಗದ ಮೇಲ್ತುದಿಯಲ್ಲಿ ಕೂತು ಕೂತು, ಅಪಾಯವೇನಿದ್ದರೂ ಕೆಳತುದಿಯವರದು ಎಂಬುದು ನನ್ನ ಮೈಗೆ ಅಂಟಿಬಿಟ್ಟಿತ್ತು. ಕಾರಿನಲ್ಲಿ ಡ್ರೈವರನೂ ಕೇಜಿನೊಳಗೇ ಇರುತ್ತಾನೆ ಎಂಬ ಇಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ. ನಾನು ಎಣಿಸದೆ ಬಿಟ್ಟ ನನ್ನ ತಲೆಯ ಲೆಕ್ಕವನ್ನು ಇವಳೊಬ್ಬಳು ಇಷ್ಟು ವರ್ಷ ಇಟ್ಟುಕೊಂಡಿದ್ದಳು.

ಅವಳು ಆ ಕಡೆಯಿಂದ ಬಂದು ಬಾಗಿಲು ತೆಗೆದು ನನ್ನ ಪಕ್ಕ ಕೂತಳು. ಇಳಿ ಎಂದೆ, ಇಳಿಯಲಿಲ್ಲ. "ಖಾಲಿ ಇಲ್ಲ ಅಂದ್ಮೇಲೆ ಒಬ್ರಾದ್ರೇನು, ಇಬ್ರಾದ್ರೇನು" ಎಂದು ಮುಂದೆ ನೋಡುತ್ತ ಕೂತಳು. ಸರೋಜ ಬಾಗಿಲಲ್ಲಿ ನಿಂತಿದ್ದಳು.

ಕಾರನ್ನು ಇಳಿಜಾರಿಗೆ ಬಿಟ್ಟೆ. ಪಕ್ಕದಲ್ಲಿ ರತ್ನಮ್ಮ ಉಸಿರು ಹಿಡಿದದ್ದು ಕೇಳಿಸಿತು. ಪಾಳಿ ಪಾಳಿಗೂ ಅಷ್ಟೊಂದು ಜನರನ್ನು ಪಾತಾಳಕ್ಕೆ ಇಳಿಸಿದವನು ನಾನು; ಇಳಿಯುವವರ ಉಸಿರನ್ನು ಕೇಳಿದ್ದು ಅದೇ ಮೊದಲು. ಮೆಲ್ಲಗೆ ಪೆಡಲ್ ಒತ್ತಿದೆ. ಕಾರು ಸದ್ದಿಲ್ಲದೆ ನಿಂತಿತು. ಇನ್ನೆರಡು ಸಲ ಬಿಟ್ಟು ನಿಲ್ಲಿಸಿದೆ, ನಿಂತಿತು. "ಸರಿ, ನಡೀರಿ, ಅನ್ನ ಆರೋಗ್ತದೆ" ಎಂದಳು.

ಸರೋಜಳಿಗೆ ನೋವು ಕಾಣಿಸಿಕೊಂಡದ್ದು ಕೆಲವು ದಿನಗಳ ಮೇಲೆ, ಬೆಳಗಿನ ತಿಂಡಿಯ ಹೊತ್ತಿಗೆ. ಹಿಂದಿನ ಸೀಟಿನಲ್ಲಿ ತಾಯಿಯ ತೋಳಿಗೆ ಒರಗಿ ಕೂತಳು. ಗಣಿಯಲ್ಲಿ ಕೇಜಿನ ಬಾಗಿಲಲ್ಲಿ ತಲೆ ಎಣಿಸುವುದು ಬೇರೆಯವರ ಕೆಲಸ. ಇಲ್ಲಿ ನಾನೇ ಕನ್ನಡಿಯಲ್ಲಿ ನೋಡಿ ಎಣಿಸಿದೆ: ಹೆಂಡತಿ, ಮಗಳು, ಇನ್ನೂ ಹುಟ್ಟದ ಒಂದು ಜೀವ. ಆಮೇಲೆ, ಸ್ವಲ್ಪ ನಾಚಿಕೊಂಡೇ, ನನ್ನನ್ನೂ ಸೇರಿಸಿಕೊಂಡು, ಕಾರನ್ನು ಇಳಿಜಾರಿನಲ್ಲಿ ನಿಧಾನವಾಗಿ ಇಳಿಸಿದೆ.